ಚಂಡೀಗಢದ ಹಳೇ ಬರೆಯುವ ಮೇಜು: ಅಸಲಿಯೋ ನಕಲಿಯೋ?

ಬೆಂಗಳೂರಿನಲ್ಲಿ ಒಬ್ಬರು "ಚಂಡೀಗಢದ ಒರಿಜಿನಲ್ ಮೇಜು, ಆರ್ಕಿಟೆಕ್ಟ್ ಪಿಯರ್ ಜೀನರೆ ಮಾಡಿದ್ದು" ಎಂದು ಒಂದೂಮುಕ್ಕಾಲು ಲಕ್ಷ ಹೇಳುತ್ತಿದ್ದಾರೆ, ಕಾಲಿನ ಮೇಲೆ ಬಿಳಿ ಅಕ್ಷರಗಳೂ ಇವೆ, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಆ ಬಿಳಿ ಅಕ್ಷರ ನಂಬಿ ದುಡ್ಡು ಕೊಡಬೇಡಿ. ನಾನು ಕೊಟ್ಟು ಕೈ ಸುಟ್ಟುಕೊಂಡವನು.

ಹಳೇ ಮರದ ಸಾಮಾನು ರಿಪೇರಿ ಮಾಡಿ, ಪಾಲಿಶ್ ಹಾಕಿಸಿ ಕೊಡುವುದು ನನ್ನ ಕೆಲಸ. ಆರು ವರ್ಷದ ಹಿಂದೆ ಉತ್ತರದ ಕಡೆಯ ಒಬ್ಬ ವ್ಯಾಪಾರಿಯಿಂದ ಇಂಥದ್ದೇ ಒಂದು ಮೇಜು ತರಿಸಿದೆ. ಅಕ್ಷರ, ನಂಬರ್, ಗೀರು, ಎಲ್ಲ ಇತ್ತು. ನಮ್ಮ ಆಚಾರಿ ಮೇಜಿನ ಕಡೆ ನೋಡಲೇ ಇಲ್ಲ. ಸೀದಾ ಒಂದು ಡ್ರಾಯರ್ ಎಳೆದು ಬೋರಲು ಹಾಕಿದರು. ತಳಕ್ಕೆ ಹೊಡೆದಿದ್ದು ಹೊಸ ಪ್ಲೈವುಡ್. ಒದ್ದೆ ಬಟ್ಟೆಯಲ್ಲಿ ಎರಡು ಸಲ ಉಜ್ಜಿದರು, ಬಟ್ಟೆಯೆಲ್ಲ ಟೀ ಬಣ್ಣ. "ಸಾರ್, ಇದಕ್ಕೆ ಡಿಕಾಕ್ಷನ್ ಕುಡಿಸಿದ್ದಾರೆ" ಅಂದರು. ಅವತ್ತಿನಿಂದ ನಾನು ಯಾವ ಮೇಜನ್ನೂ ಮೇಲಿನಿಂದ ನೋಡುವುದಿಲ್ಲ.

ಈ ಮೇಜುಗಳ ಕಥೆ ಗೊತ್ತಿದ್ದರೆ ಮೋಸ ಹಿಡಿಯುವುದು ಸುಲಭ. ಲೆ ಕಾರ್ಬೂಸಿಯರ್ ಎಂಬ ದೊಡ್ಡ ಆರ್ಕಿಟೆಕ್ಟ್ ಚಂಡೀಗಢ ಎಂಬ ಹೊಸ ಊರಿನ ನಕ್ಷೆಯ ಕೆಲಸ ಒಪ್ಪಿಕೊಂಡಾಗ ಅವರ ದಾಯಾದಿ ಸೋದರ ಜೀನರೆ 1951ರಲ್ಲಿ ಅಲ್ಲಿಗೆ ಬಂದರು, 1965ರವರೆಗೂ ಅಲ್ಲೇ ಇದ್ದರು. 1967ರಲ್ಲಿ ತೀರಿಕೊಂಡ ಮೇಲೆ ಅವರ ಬೂದಿಯನ್ನೂ ಅಲ್ಲಿನ ಸುಖ್ನಾ ಕೆರೆಗೇ ಬಿಟ್ಟರು. ಹೊಸ ಊರು ಅಂದ ಮೇಲೆ ಸೆಕ್ರೆಟೇರಿಯಟ್, ಹೈಕೋರ್ಟ್, ಪಂಜಾಬ್ ವಿಶ್ವವಿದ್ಯಾಲಯ, ಎಲ್ಲಕ್ಕೂ ಸಾವಿರಗಟ್ಟಲೆ ಮೇಜು ಕುರ್ಚಿ ಬೇಕಲ್ಲ? ನಕ್ಷೆ ಇವರ ಆಫೀಸಿನದು, ಕೈ ಆ ಕಡೆಯ ಬಡಗಿಗಳದು. ಮರ ತೇಗ, ಇಲ್ಲವೇ ನಮ್ಮ ಬೀಟೆಯ ಬಳಗದ ಶೀಶಂ. ಕೈವಾರ ಅಗಲಿಸಿ ನಿಲ್ಲಿಸಿದ ಹಾಗಿರುವ ಕಾಲುಗಳೇ ಇವುಗಳ ಗುರುತು. ಯೂಲಿ ಚೌಧರಿಯವರಂಥ ಇಲ್ಲಿಯ ಆರ್ಕಿಟೆಕ್ಟ್‌ಗಳೂ ಈ ಕೆಲಸದಲ್ಲಿದ್ದರು. ಹಾಗಾಗಿ "ಜೀನರೆ ಮಾಡಿದ್ದು" ಅನ್ನುವ ಮಾತೇ ಸ್ವಲ್ಪ ಜಾಸ್ತಿಯಾಯಿತು.

ಬೇರೆ ಬೇರೆ ಕೈಯಲ್ಲಿ ಆದದ್ದರಿಂದ ಒಂದೇ ನಮೂನೆಯ ಎರಡು ಮೇಜು ಅಳತೆಯಲ್ಲಿ ಚೂರು ಆಚೀಚೆ ಇರುತ್ತವೆ. ಮಾರುವವರ ಹತ್ತಿರ ಅಚ್ಚು ಹೊಡೆದ ಹಾಗೆ ಆರು ಮೇಜು ಇದ್ದರೆ ಅನುಮಾನ ಪಡಿ.

ಇನ್ನು ಆ ಅಕ್ಷರ. ಅವು ಇಲಾಖೆಯವರು ಸಾಮಾನಿನ ಲೆಕ್ಕ ಇಡಲು ಬರೆಸಿದ್ದು. ಒಂದು ಸ್ಟೆನ್ಸಿಲ್, ಒಂದು ಡಬ್ಬಿ ಬಿಳಿ ಪೇಂಟ್ ಇದ್ದರೆ ಯಾರು ಬೇಕಾದರೂ ಬರೆಯಬಹುದು. ಇನ್ನೊಂದು ತಮಾಷೆ ಇದೆ. "ಪಿಜೆ-ಬಿಯು" ಅಂತ ಶುರುವಾಗುವ ಕೋಡ್ ತೋರಿಸಿ ಇದು ಸರ್ಕಾರಿ ನಂಬರ್ ಅನ್ನುತ್ತಾರೆ. ಅದು ಎಷ್ಟೋ ವರ್ಷದ ಮೇಲೆ ಫ್ರಾನ್ಸಿನ ವ್ಯಾಪಾರದವರು ಪಟ್ಟಿ ಮಾಡಲು ಇಟ್ಟ ಹೆಸರು. ಬಿಯು ಅಂದರೆ ಬ್ಯೂರೋ, ಫ್ರೆಂಚ್‌ನಲ್ಲಿ ಬರೆಯುವ ಮೇಜು. 1950ರ ದಶಕದ ಚಂಡೀಗಢದ ಗುಮಾಸ್ತರಿಗೆ ಆ ಕೋಡ್ ಗೊತ್ತೇ ಇರಲಿಲ್ಲ.

ನೋಡಬೇಕಾದ್ದು ಒಳಗೆ. ಡ್ರಾಯರ್ ಜಾರುವ ಪಟ್ಟಿ ಸವೆದಿರಬೇಕು, ಎಳೆಯುವ ಕೈ ಯಾವ ಕಡೆ ಭಾರ ಹಾಕಿತ್ತೋ ಆ ಕಡೆ ಜಾಸ್ತಿ. ಬೆಳಕು ಬೀಳದ ಒಳಭಾಗದ ಬಣ್ಣ ಹೊರಗಿನ ಬಣ್ಣಕ್ಕೆ ಹೊಂದಬಾರದು. ಸ್ಕ್ರೂ ತಲೆಯಲ್ಲಿ ಒಂದೇ ಗೀಟು ಇರಬೇಕು. ಪ್ಲಸ್ ಗುರುತಿನದಾದರೆ ಆಮೇಲೆ ರಿಪೇರಿ ಆಗಿದೆ, ಅಥವಾ ಇಡೀ ಮೇಜೇ ಆಮೇಲಿನದು. ಹಳೇ ಕಬ್ಬಿಣದ ಸ್ಕ್ರೂ ಆದರೆ ಸುತ್ತ ಮರ ಕಪ್ಪಾಗಿರುತ್ತದೆ. ಕಾಲಿನ ತುದಿ ನೋಡಿ: ಆಫೀಸಿನಲ್ಲಿ ದಿನಾ ನೀರು ಹಾಕಿ ನೆಲ ಒರೆಸಿದ ಮೇಜಿಗೆ ಕೆಳಗಿನ ಒಂದೆರಡು ಬೆರಳಿನಷ್ಟು ಮರ ಬಣ್ಣ ಕೆಟ್ಟಿರುತ್ತದೆ. ನಕಲಿ ಮಾಡುವವರು ಮೇಲಿನ ಹಲಗೆಗೆ ಗೀರು ಹಾಕುತ್ತಾರೆ, ಪಾದದ ಕಡೆ ಗಮನ ಕೊಡುವುದಿಲ್ಲ.

ಮರ ಅಸಲಿ ಅಂತಾದರೂ ಕೆಲಸ ಮುಗಿಯಲಿಲ್ಲ. ಸ್ಟೀಲು, ಸನ್ಮೈಕಾ ಬಂದ ಮೇಲೆ ಈ ಮೇಜುಗಳು ಮುರಿದು ಮೂಲೆ ಸೇರಿ, ಹಳೇ ಸಾಮಾನಿನ ಹರಾಜಿನಲ್ಲಿ ಪುಡಿಗಾಸಿಗೆ ಹೋದವು. ಅದನ್ನೇ ಫ್ರಾನ್ಸಿನವರು ಕೊಂಡು, ರಿಪೇರಿ ಮಾಡಿ, ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಈ ಸಾಮಾನು ಮಾರಬಾರದು, ದೇಶದ ಹೊರಗೆ ಕಳಿಸಬಾರದು ಎಂದು ಆದೇಶ ಮಾಡಿತು. ಆದರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಕೆಳಗೆ ಬರಬೇಕಾದರೆ ಇಂಥ ಸಾಮಾನಿಗೆ ನೂರು ವರ್ಷ ಆಗಿರಬೇಕು. ಈ ಮೇಜಿಗೆ ಎಪ್ಪತ್ತು ಅಷ್ಟೇ. ಆ ಸಂದಿಯಲ್ಲೇ ವ್ಯಾಪಾರ ನಡೆಯುತ್ತದೆ. ಆದ್ದರಿಂದ ಹರಾಜಿನ ರಸೀದಿ ಕೇಳಿ. ರಸೀದಿ ಇಲ್ಲ, ಮೇಜು ಮಾತ್ರ ಅಸಲಿ ಅಂದರೆ ನನಗೆ ಇನ್ನೂ ಜಾಸ್ತಿ ಭಯ. ಯಾವ ಆಫೀಸಿನಿಂದ ಎತ್ತಿಕೊಂಡು ಬಂದಿದ್ದೋ ಯಾರಿಗೆ ಗೊತ್ತು?

ನಿಮಗೆ ಬೇಕಾಗಿರುವುದು ಆ ಚೆಂದದ ಕಾಲಿನ ಮೇಜೋ, ಅದರ ಹಿಂದಿನ ಹೆಸರೋ? ಮೇಜೇ ಆದರೆ ನಮ್ಮ ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್‌ನವರು ಚಂಡೀಗಢದ ನಮೂನೆಗಳನ್ನು ಹೊಸದು ಅಂತ ಹೇಳಿಯೇ ಮಾಡಿ ಮಾರುತ್ತಾರೆ. ಅಗ್ಗ ಅಲ್ಲ. ಅದು ದುಬಾರಿ ಅನಿಸಿದರೆ ಹಳೇ ಮನೆ ಕೆಡವಿದ ಕಡೆ ತೇಗದ ತೊಲೆ ಹುಡುಕಿ, ಒಳ್ಳೆ ಆಚಾರಿ ಹತ್ತಿರ ಮಾಡಿಸಿ. ನಾನೀಗ ಈ ಉತ್ತರ ಬರೆಯುತ್ತಿರುವುದು ಅಂಥ ಮೇಜಿನ ಮೇಲೆ.

ಇಲ್ಲ, ಅದೇ ಬೇಕು ಅಂದರೆ ಮಾರುವವರಿಗೆ ಇವತ್ತೇ ಫೋನ್ ಮಾಡಿ ಡ್ರಾಯರ್ ತಳದ ಫೋಟೊ ಕೇಳಿ. ಅದರ ಬದಲು ಬಿಳಿ ಅಕ್ಷರದ ಫೋಟೊನೇ ಇನ್ನೊಂದು ಸಲ ಬಂದರೆ, ಹೋಗಿ ನೋಡುವ ಆಟೋ ಖರ್ಚೂ ಉಳಿಸಿಕೊಳ್ಳಿ.