ಟೊಕ್ ಬೇರೆ, ಗುಡುಕ್ ಬೇರೆ

ಗ್ಯಾರೇಜ್ ಜಗಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಾಲಾ ಮಾಸ್ತರ. 12 ಸೀಟಿನ ಹಳೆ ವ್ಯಾನೊಂದನ್ನು ಕೊಂಡು ಒಳಗೆ ಮಂಚ, ಸಿಂಕು, ಗ್ಯಾಸ್ ಒಲೆ ಇಟ್ಟು ಓಡುವ ಮನೆ ಮಾಡಿಸಿದ್ದೇನೆ. ಚಾಸಿಸ್ ಪಕ್ಕದಲ್ಲಿ 90 ಲೀಟರಿನ ನೀರಿನ ಟ್ಯಾಂಕು ತೂಗಿಸಿದ್ದೇವೆ. ಮುಳ್ಳೇರಿಯ, ಜಾಲ್ಸೂರು ದಾರಿಯಾಗಿ ಮಡಿಕೇರಿಗೆ ಹೋಗಿ ಬಂದೆವು. ಹಂಪ್ ಇಳಿಯುವಾಗ ಕೆಳಗಿನಿಂದ ‘ಟೊಕ್’ ಎನ್ನುತ್ತದೆ. ಬ್ರೇಕ್ ಹಾಕಿದರೆ ‘ಗುಡುಕ್’. ಹೋಗುವಾಗ ಅಷ್ಟಿರಲಿಲ್ಲ, ಮರಳಿ ಬರುವಾಗ ಜಾಸ್ತಿ. ಗ್ಯಾರೇಜಿನಲ್ಲಿ ನಾಲ್ಕೂ ಶಾಕ್ ಅಬ್ಸಾರ್ಬರ್, ಕೆಲವು ಬುಷ್ (ಕೀಲಿನೊಳಗಿನ ಬಳೆ) ಬದಲಿಸಿದರು. 16 ಸಾವಿರ ಹೋಯಿತು, ಸದ್ದು ಹೋಗಲಿಲ್ಲ. ಮೆಕ್ಯಾನಿಕ್ ಹತ್ತಿ ಕೂತರೆ ಗಾಡಿ ಮಾತೇ ಆಡುವುದಿಲ್ಲ. ಎಂತ ಮಾಡುವುದು?
— ಒಬ್ಬ ಓದುಗರು, ಬದಿಯಡ್ಕ

ಉತ್ತರ: ಮಾಷ್ಟ್ರೇ, ಮೊದಲು ನನ್ನದೊಂದು ಪ್ರಶ್ನೆ. ಗ್ಯಾರೇಜಿಗೆ ಹೋಗುವ ಮುಂಚೆ ಟ್ಯಾಂಕಿನ ನೀರು ಖಾಲಿ ಮಾಡಿದ್ದಿರಾ? ಪಾತ್ರೆ, ಹಾಸಿಗೆ, ಗ್ಯಾಸ್ ಸಿಲಿಂಡರ್ ಎಲ್ಲ ಇಳಿಸಿ, ಗುಡಿಸಿ, ಮದುವೆ ದಿಬ್ಬಣದ ಗಾಡಿಯ ಹಾಗೆ ಮಾಡಿಕೊಂಡು ಹೋಗಿದ್ದಿರಾ? ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ಮತ್ತೆ ಮೆಕ್ಯಾನಿಕ್ ಎದುರು ಸದ್ದು ಬರುವುದು ಹೇಗೆ? ಸದ್ದು ಮಾಡುವ ವಸ್ತುವನ್ನೇ ನೀವು ಮನೆ ಜಗಲಿಯಲ್ಲಿ ಬಿಟ್ಟು ಹೋಗಿರುತ್ತೀರಿ.

ನಾನು ಕುಂಬಳೆಯಲ್ಲಿ ಬಸ್ಸು, ಲಾರಿ, ವ್ಯಾನುಗಳ ಅಡಿಯಲ್ಲಿ ಮಲಗಿ 27 ವರ್ಷ ಕಳೆದವ. ನಿಮ್ಮ ಕಾಗದದಲ್ಲಿ ನನಗೆ ಬೇಕಾದ ಸಾಲು ಒಂದೇ: ‘ಮರಳಿ ಬರುವಾಗ ಜಾಸ್ತಿ’. ಹೊರಡುವಾಗ ಟ್ಯಾಂಕು ತುಂಬಿತ್ತು. ಬರುವಾಗ ಅರ್ಧ ಇದ್ದಿರಬೇಕು. ತುಂಬಿದ ಟ್ಯಾಂಕಿನಲ್ಲಿ ನೀರಿಗೆ ಅಲುಗಾಡಲು ಜಾಗವಿಲ್ಲ. ಅರ್ಧ ಟ್ಯಾಂಕಿನಲ್ಲಿ 45 ಕಿಲೋ ನೀರು ಹಿಂದೆ ಮುಂದೆ ಓಡುತ್ತದೆ. ಬ್ರೇಕ್ ಹಾಕಿದ ಕೂಡಲೇ ಎದುರಿನ ಗೋಡೆಗೆ ಹೋಗಿ ಬಡಿಯುತ್ತದೆ. ಟ್ಯಾಂಕು ಹಿಡಿದ ತಗಡಿನ ಪಟ್ಟಿ ಸ್ವಲ್ಪ ಸಡಿಲವಿದ್ದರೆ ಟ್ಯಾಂಕೇ ಅರ್ಧ ಇಂಚು ಜಾರಿ ಚಾಸಿಸ್‌ಗೆ ಹೊಡೆಯುತ್ತದೆ. ಅದೇ ನಿಮ್ಮ ‘ಗುಡುಕ್’ ಅಂತ ನನ್ನ ಅನುಮಾನ.

ಆದರೆ ಇನ್ನೊಂದು ಉಂಟು. ಮಡಿಕೇರಿಯಿಂದ ಬರುವಾಗ ಸಂಪಾಜೆ ಘಾಟಿ ಇಳಿಜಾರು, ಬ್ರೇಕ್ ಜಾಸ್ತಿ. ಹಾಗಾಗಿ ನೀರಿನದೋ ಬ್ರೇಕಿನದೋ ಎಂದು ಇಲ್ಲಿ ಕೂತು ತೀರ್ಪು ಕೊಡುವುದು ಸರಿಯಲ್ಲ. ಮನೆ ಹತ್ತಿರ ಒಂದು ಸಪಾಟು ರಸ್ತೆ, ಅದರಲ್ಲಿ ಒಂದು ಹಂಪ್ ನೋಡಿಕೊಳ್ಳಿ. ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಮೂರು ಸಲ ಹೋಗಿ: ಟ್ಯಾಂಕು ತುಂಬಿಸಿ ಒಮ್ಮೆ, ಅರ್ಧ ಮಾಡಿ ಒಮ್ಮೆ, ಖಾಲಿ ಮಾಡಿ ಒಮ್ಮೆ. ಗುಡುಕ್ ಅರ್ಧಕ್ಕೆ ಮಾತ್ರ ಬಂದರೆ ಟ್ಯಾಂಕಿನ ಪಟ್ಟಿ ಬಿಗಿ ಮಾಡಿಸಿ, ಪಟ್ಟಿಗೂ ಟ್ಯಾಂಕಿಗೂ ನಡುವೆ ಹಳೆ ಟ್ಯೂಬಿನ ರಬ್ಬರ್ ಕೊಡಿಸಿ. ಖರ್ಚು ಒಂದು ಚಾಯದ್ದು. ಮೂರರಲ್ಲೂ ಬಂದರೆ ಬ್ರೇಕ್, ಪ್ಲೇಟ್ ಸೆಟ್ಟು (ಗಾಡಿಯ ಭಾರ ಹೊರುವ ಲೀಫ್ ಸ್ಪ್ರಿಂಗ್) ನೋಡಬೇಕು.

ಇನ್ನು ‘ಟೊಕ್’. ಇದು ಗುಡುಕ್‌ನ ತಮ್ಮ ಅಂತ ತಿಳಿಯಬೇಡಿ, ಬೇರೆಯೇ ಮನೆಯವ ಇರಬಹುದು. ಎರಡು ಸದ್ದನ್ನು ಒಂದೇ ರೋಗ ಅಂತ ಎಣಿಸಿದ್ದೇ ನಿಮ್ಮ 16 ಸಾವಿರಕ್ಕೆ ದಾರಿಯಾಗಿರಬೇಕು. ಹಂಪ್‌ನಿಂದ ಚಕ್ರ ಇಳಿದು ಪ್ಲೇಟು ಬಿಚ್ಚಿಕೊಳ್ಳುವ ಹೊತ್ತಿಗೆ ಟೊಕ್ ಎಂದರೆ ಮೊದಲು ಪ್ಲೇಟಿನ ಹಿಂದಿನ ಶ್ಯಾಕಲ್ ಬುಷ್ (ಪ್ಲೇಟಿನ ತುದಿಯನ್ನು ಚಾಸಿಸ್‌ಗೆ ತೂಗಿಸುವ ಕೊಂಡಿಯದ್ದು), ಆಮೇಲೆ ಯು-ಬೋಲ್ಟ್ (ಪ್ಲೇಟನ್ನು ಆಕ್ಸಲ್‌ಗೆ ಬಿಗಿದಿಡುವುದು) ನೋಡಿ. ಬುಷ್ ಬದಲಿಸಿದ್ದಾರೆ ಅಂತೀರಿ, ಆದರೆ ಯಾವ ಬುಷ್ ಅಂತ ಬರೆದಿಲ್ಲ. ಶಾಕ್ ಅಬ್ಸಾರ್ಬರಿನ ಬುಷ್ ಬೇರೆ, ಶ್ಯಾಕಲ್ ಬುಷ್ ಬೇರೆ. ಬಿಲ್ಲು ನೋಡಿ.

ಯು-ಬೋಲ್ಟ್ ಸಡಿಲವಾಗಿದೆಯಾ ಅಂತ ತಿಳಿಯಲು ಶಾಲೆಯ ಸುಣ್ಣದ ಕಡ್ಡಿ ಸಾಕು, ಅದು ನಿಮ್ಮ ಮನೆಯಲ್ಲಿ ಇದ್ದೇ ಇರಬೇಕು. ನಟ್ಟಿನಿಂದ ಅದು ಕೂತ ಕಬ್ಬಿಣದ ಪಟ್ಟಿಯವರೆಗೆ ಒಂದು ಗೆರೆ ಎಳೆಯಿರಿ. ಇನ್ನೊಂದು ಗೆರೆ ಪ್ಲೇಟಿನಿಂದ ಆಕ್ಸಲ್‌ಗೆ. ನೂರು ಕಿ.ಮೀ. ಓಡಿಸಿ ಬಂದು ನೋಡಿ. ಗೆರೆ ತುಂಡಾಗಿ ಆಚೀಚೆ ಸರಿದಿದ್ದರೆ ಕಳ್ಳ ಸಿಕ್ಕಿದ. ಬೋಲ್ಟಿನ ಬುಡದಲ್ಲಿ ಕೆಂಪು ಪುಡಿ ಕಂಡರೂ ಹಾಗೆಯೇ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಲ್ಲಿ ತುಕ್ಕಿನ ಪುಡಿ ಬೀಳುತ್ತದೆ. ನಮ್ಮ ಊರಿನ ಮುರಕಲ್ಲಿನ ಧೂಳೂ ಕೆಂಪೇ, ಅದಕ್ಕೆ ಗೆರೆ ಎಳೆಯುವ ಮೊದಲೇ ತೊಳೆದುಕೊಳ್ಳಿ, ಓಡಿಸಿ ಬಂದ ಮೇಲೆ ನೋಡಿ. ತೊಳೆಯದೆ ನೋಡಿದರೆ ಇಡೀ ಗಾಡಿಯೇ ಕಳ್ಳನಂತೆ ಕಾಣುತ್ತದೆ.

ಪ್ಲೇಟುಗಳ ಮಧ್ಯೆ ‘ಕಿರ್ ಕಿರ್’ ಇದ್ದರೆ ಅದಕ್ಕೊಂದು ಸುಲಭದ ಪರೀಕ್ಷೆ. ಒಂದು ಬದಿಯ ಪ್ಲೇಟಿಗೆ ಒಂದು ಬಾಲ್ದಿ ನೀರು ಹೊಯ್ದು ಓಡಿಸಿ. ಕಿರ್ ಕಿರ್ ಸ್ವಲ್ಪ ಹೊತ್ತು ನಿಂತರೆ ಆ ಬದಿಯದ್ದೇ. ಮಳೆಗಾಲದಲ್ಲಿ ಇಲ್ಲ, ಬೇಸಿಗೆಯಲ್ಲಿ ಮಾತ್ರ ಸದ್ದು ಅಂತ ಹೇಳುವವರ ಗುಟ್ಟೂ ಇದೇ.

ಇವು ಯಾವುದೂ ಅಲ್ಲ, ಓಡುವಾಗಲೆಲ್ಲ ಲಯಕ್ಕೆ ಸರಿಯಾಗಿ ಬರುವ ಸದ್ದು ಅಂತಾದರೆ ಎಣಿಸಬೇಕು. ಗಂಟೆಗೆ 20 ಕಿ.ಮೀ. ವೇಗದಲ್ಲಿ ನಿಮ್ಮಂಥ ವ್ಯಾನಿನ ಚಕ್ರ ಸೆಕೆಂಡಿಗೆ ಸುಮಾರು ಎರಡೂವರೆ ಸುತ್ತು ಬರುತ್ತದೆ. ಜಾಯಿಂಟ್ ಶಾಫ್ಟು (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ತಿರುಗುವ ಉದ್ದದ ದಂಡ) ಅದರ ನಾಲ್ಕು ಐದು ಪಟ್ಟು ತಿರುಗುತ್ತದೆ. ‘ಟಕ್, ಟಕ್’ ಅಂತ ಬೆರಳಲ್ಲಿ ಎಣಿಸಲು ಆದರೆ ಚಕ್ರದ ಕಡೆ. ಎಣಿಸಲಾಗದಷ್ಟು ಚುರುಕಾಗಿ ಹಕ್ಕಿಮರಿಯ ಹಾಗೆ ‘ಕಿಚಿಕಿಚಿ’ ಎಂದರೆ ಶಾಫ್ಟಿನ ಕ್ರಾಸು, ಅಂದರೆ ಅದರ ತುದಿಯ ಕೀಲು, ಒಣಗಿದೆ. ಗ್ರೀಸ್ ಹಾಕುವ ನಿಪ್ಪಲ್ ಇದ್ದರೆ ಗ್ರೀಸ್ ಹೊಡೆಸಿ. ಆಮೇಲೂ ನಿಲ್ಲದಿದ್ದರೆ ಬದಲಿಸಿ, ತಡ ಮಾಡಬೇಡಿ. ಆ ಶಾಫ್ಟು ಕಳಚಿ ರಸ್ತೆಗೆ ಬಿದ್ದರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಸದ್ದು ಎಡದ್ದೋ ಬಲದ್ದೋ ಅಂತ ಒಳಗೆ ಕೂತವರ ಕಿವಿಯನ್ನು ನಂಬಬೇಡಿ. ಚಾಸಿಸ್ ಅಂದರೆ ಉದ್ದದ ಕಬ್ಬಿಣ. ಹಿಂದೆ ತಟ್ಟಿದ್ದು ಮುಂದೆ ಕೇಳುತ್ತದೆ. ಇದಕ್ಕೆ ನನ್ನ ಅವಮಾನದ ಕಥೆ ಒಂದು ಹೇಳುತ್ತೇನೆ.

ಒಬ್ಬರು ಅಡಿಕೆ ಬೆಳೆಗಾರರ ವ್ಯಾನು. ಬ್ರೇಕ್ ಹಾಕಿದರೆ ಡ್ರೈವರ್ ಸೀಟಿನ ಕೆಳಗೆ ‘ಗುರುಗುರುಗುರು’, ಬಿಟ್ಟರೆ ಮತ್ತೆ ‘ಗುರುಗುರು’. ಗೇರ್‌ಬಾಕ್ಸ್ ಮೌಂಟಿಂಗ್ ಬದಲಿಸಿದೆ. ಸೈಲೆನ್ಸರ್ ಇಳಿಸಿ ಹಾಕಿದೆ. ಮುಂದಿನ ಬ್ರೇಕ್ ಬಿಚ್ಚಿದೆ. ಮೂರು ವಾರ. ಕೊನೆಗೆ ನಮ್ಮ ಹುಡುಗನೊಬ್ಬ ರಬ್ಬರ್ ಸುತ್ತಿಗೆಯಲ್ಲಿ ಚಾಸಿಸ್‌ನ ಉದ್ದಕ್ಕೂ ತಟ್ಟುತ್ತಾ ಹೋದ. ಹಿಂದಿನ ಚಕ್ರದ ಹತ್ತಿರ ಬಂದಾಗ ಒಳಗೆ ಏನೋ ಉರುಳಿತು. ತೂತಿಗೆ ತಂತಿ ಹಾಕಿ ಎಳೆದರೆ ಒಣ ಅಡಿಕೆ! ಒಂದಲ್ಲ, ಹನ್ನೊಂದು. ಅಂಗಳದ ಅಡಿಕೆಯನ್ನು ಇಲಿ ಒಂದೊಂದಾಗಿ ತಂದು ಚಾಸಿಸ್‌ನ ಒಳಗೆ ದಾಸ್ತಾನು ಮಾಡಿತ್ತು. ಬಿಲ್ಲಿನಲ್ಲಿ ಎಂತ ಬರೆಯಲಿ ಮಾರಾಯ್ರೆ? ಮೌಂಟಿಂಗ್ ದುಡ್ಡು ವಾಪಸು ಕೊಟ್ಟೆ.

ಹಾಗಾಗಿ ನೀವೂ ಗಾಡಿ ನಿಲ್ಲಿಸಿ, ತಟ್ಟುತ್ತಾ ಹೋಗಿ. ಸೈಲೆನ್ಸರ್ ಪೂರ್ತಿ ತಣಿದ ಮೇಲೆ ಅದರ ತಗಡು, ಸ್ಟೆಪ್ನಿ ನೇತು ಹಾಕಿದ ಚೈನು, ಮೆಟ್ಟಿಲು, ಕೊಳೆನೀರಿನ ಪೈಪು, ಎಲ್ಲವನ್ನೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಕಾರ್ಖಾನೆಯಲ್ಲಿ ಕೂರಿಸಿದ್ದಕ್ಕಿಂತ ನಾವು ಆಮೇಲೆ ತೂಗಿಸಿದ್ದರ ಮೇಲೆಯೇ ನನಗೆ ಮೊದಲ ಸಂಶಯ. ಗಾಡಿ ಎತ್ತಿ ಅಡಿಯಲ್ಲಿ ನುಗ್ಗುವುದಾದರೆ ಬರೀ ಜಾಕನ್ನು ನಂಬಬೇಡಿ. ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡ್ಡ ಇಟ್ಟು ಆಮೇಲೆ. ಮುರಕಲ್ಲು ಪೇರಿಸಿ ಅದರ ಮೇಲೆ ಗಾಡಿ ನಿಲ್ಲಿಸುವವರಿದ್ದಾರೆ. ಆ ಕಲ್ಲು ಹೇಳದೆ ಕೇಳದೆ ಒಡೆಯುತ್ತದೆ.

ನಡುವೆ ಒಂದು ಮಾತು. ವ್ಯಾನನ್ನು ಮನೆ ಮಾಡಿದ್ದನ್ನು ಆರ್‌ಟಿಒ ಆಫೀಸಿನಲ್ಲಿ ಆರ್‌ಸಿಗೆ ಸೇರಿಸಿದ್ದೀರಿ ತಾನೆ? ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಅದನ್ನು ಕೇಳುತ್ತದೆ. ಇಲ್ಲದಿದ್ದರೆ ಇನ್ಶೂರೆನ್ಸ್‌ನವರ ಹತ್ತಿರ ಆಮೇಲೆ ತಕರಾರು.

ಮುಂದಿನ ಸಲ ಗ್ಯಾರೇಜಿಗೆ ಹೋಗುವಾಗ ಮಡಿಕೇರಿಗೆ ಹೊರಟ ಹಾಗೆಯೇ ಸಾಮಾನು ತುಂಬಿಸಿ, ಟ್ಯಾಂಕು ಅರ್ಧ ಮಾಡಿ ಹೋಗಿ. ಮೆಕ್ಯಾನಿಕ್‌ನನ್ನು ಹಿಂದಿನ ಮಂಚದಲ್ಲಿ ಕೂರಿಸಿ, ನೀವು ಓಡಿಸಿ.

ಪ್ರಶ್ನೆ: ಕಡಲ ಬದಿಯಲ್ಲಿ ಒಂದು ವಾರ ವ್ಯಾನು ನಿಲ್ಲಿಸಿ ಹೊರಟರೆ ಚಕ್ರದಿಂದ ‘ಕರ್‍ರ್’ ಅಂತ ಬರುತ್ತದೆ. ಸ್ವಲ್ಪ ಓಡಿದರೆ ನಿಲ್ಲುತ್ತದೆ. ಹೆದರಬೇಕಾ?
— ಒಬ್ಬ ಓದುಗರು, ಮಂಜೇಶ್ವರ

ಉತ್ತರ: ಬೇಡ. ಉಪ್ಪು ಗಾಳಿಗೆ ಬ್ರೇಕ್ ಡಿಸ್ಕಿನ ಮೇಲೆ ತೆಳು ತುಕ್ಕು ಕೂತಿರುತ್ತದೆ. ನಾಲ್ಕು ಸಲ ಬ್ರೇಕ್ ಹಾಕಿದರೆ ಉಜ್ಜಿ ಹೋಗುತ್ತದೆ. ಓಡಿದ ಮೇಲೂ ನಿಲ್ಲದಿದ್ದರೆ, ಒಂದು ಚಕ್ರ ಮಾತ್ರ ಬಿಸಿಯಾಗುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ತೋರಿಸಿ. ಸಪಾಟು ಜಾಗದಲ್ಲಿ ದಿನಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು ಇಡುವುದಕ್ಕಿಂತ ಗೇರ್‌ನಲ್ಲಿ ಬಿಟ್ಟು ಚಕ್ರಗಳಿಗೆ ಕಲ್ಲು ಕೊಡಿ. ಹೊರಡುವಾಗ ಕಲ್ಲು ತೆಗೆಯಲು ಮರೆತರೆ ಬರುವ ಸದ್ದಿಗೆ ಮಾತ್ರ ನನಗೆ ಬರೆಯಬೇಡಿ.