ಬಾಟಿಕ್: ಪದದ ಮೂಲ

ಪ್ರಶ್ನೆ: ‘ಬಾಟಿಕ್’ ಪದಕ್ಕೂ ನಮ್ಮ ‘ಬಟ್ಟೆ’ಗೂ ನಂಟಿದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಂಟಿಲ್ಲ; ಇದು ಜಾವಾ ಭಾಷೆಯ ಪದ. ‘ಚಾಂತಿಂಗ್’ ಎಂಬ, ಸಪೂರ ಮೂತಿಯ ಪುಟ್ಟ ತಾಮ್ರದ ಕುಡಿಕೆಯಿಂದ ಕರಗಿದ ಮೇಣವನ್ನು ಬಟ್ಟೆಯ ಮೇಲೆ ಗೆರೆಗೆರೆಯಾಗಿ ಎಳೆದು, ಬಣ್ಣದಲ್ಲಿ ಅದ್ದಿದಾಗ ಮೇಣ ಹಿಡಿದ ಜಾಗಕ್ಕೆ ಬಣ್ಣ ತಾಗದಂತೆ ಉಳಿಸಿಕೊಳ್ಳುವ ಕೆಲಸಕ್ಕೇ ಆ ಹೆಸರು. ಚುಕ್ಕಿ ಎಂಬ ಅರ್ಥದ ‘ತಿತಿಕ್’ನಿಂದ ಇದು ಬಂತೆಂದು ಹಲವರು ಹೇಳುತ್ತಾರೆ. ಹಚ್ಚೆ ಎಂಬ ಅರ್ಥದ ಪ್ರಾಚೀನ ಆಸ್ಟ್ರೋನೇಷ್ಯನ್ (ಜಾವಾ, ಫಿಲಿಪ್ಪೀನ್ಸ್ ಮೊದಲಾದೆಡೆಯ ನುಡಿಗಳ ಕುಟುಂಬ) ಧಾತುವೇ ಮೂಲವೆಂಬ ವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ಉತ್ತರ ಫಿಲಿಪ್ಪೀನ್ಸಿನಲ್ಲಿ ಇಂದಿಗೂ ಹಚ್ಚೆಗೆ ‘ಬಟೆಕ್’, ‘ಬಟೊಕ್’ ಎನ್ನುತ್ತಾರೆ. ಡಚ್ಚರ ಮೂಲಕ ಪದವು ಯೂರೋಪಿಗೆ ಹೋಯಿತು. ಜಾವಾದ ಉಚ್ಚಾರದಲ್ಲಿಯೂ ನಡುವೆ ಇರುವುದು ನಮ್ಮ ಟಕಾರದಂಥ ಮೂರ್ಧನ್ಯವೇ. ಕೈಕೆಲಸದ ಬಾಟಿಕ್ಕಿಗೆ ಇಂಡೋನೇಷ್ಯನ್ ಭಾಷೆಯಲ್ಲಿ ‘ಬಾತಿಕ್ ತುಲಿಸ್’, ಅಂದರೆ ‘ಬರೆದ ಬಾಟಿಕ್’ ಎನ್ನುತ್ತಾರೆ. ಚಿತ್ರವನ್ನೂ ‘ಬರೆಯುವ’ ನಮಗೆ ಈ ಮಾತು ಹೊಸದೆನಿಸದು.