ಹೊಳೆಯುವ ಬಣ್ಣ ಕೊಟ್ಟು ಕ್ಯಾನ್ಸರ್ ಗಡ್ಡೆ ತೆಗೆಯುವುದು ನಿಜವಾಗಿ ನಡೆಯುತ್ತಿದೆಯಾ, ಇಲ್ಲ ಬರೀ ಲ್ಯಾಬ್ ಸುದ್ದಿಯಾ?

ನಡೆಯುತ್ತಿದೆ, ಎಷ್ಟೋ ವರ್ಷಗಳಿಂದ. ಆದರೆ ನೀವು ಪ್ರಶ್ನೆಯ ಕೆಳಗೆ ಇನ್ನೊಂದು ಮಾತು ಸೇರಿಸಿದ್ದೀರಿ: ಹೊಸ ಹೊಳೆಯುವ ನ್ಯಾನೊ ಕಣಗಳ ಸುದ್ದಿ ಇಷ್ಟೊಂದು ಬರುತ್ತದೆ, ಅವು ಆಸ್ಪತ್ರೆಯಲ್ಲಿ ಯಾಕೆ ಕಾಣುವುದಿಲ್ಲ ಅಂತ. ನನಗೆ ಅದೇ ಹೆಚ್ಚು ಸ್ವಾರಸ್ಯದ ಪ್ರಶ್ನೆ. ನನ್ನ ಕೆಲಸ ಹೊಳೆಯುವ ಅಣುಗಳ ಕೆಮಿಸ್ಟ್ರಿಯಲ್ಲಿ. ನಾನು ಡಾಕ್ಟರ್ ಅಲ್ಲ, ಹಾಗಾಗಿ ಇದನ್ನು ಚಿಕಿತ್ಸೆಯ ಸಲಹೆ ಅಂತ ತಗೋಬೇಡಿ.

ಮೊದಲು ಮೆದುಳಿನ ಗಡ್ಡೆ ನೋಡೋಣ. ಗ್ಲಿಯೊಬ್ಲಾಸ್ಟೋಮಾ ಅನ್ನುವ ಗಡ್ಡೆಗೆ ಸರಿಯಾದ ಅಂಚೇ ಇರುವುದಿಲ್ಲ. ಗಡ್ಡೆ ಎಲ್ಲಿ ಮುಗಿಯಿತು, ಒಳ್ಳೆಯ ಮೆದುಳು ಎಲ್ಲಿ ಶುರುವಾಯಿತು ಅಂತ ಬಿಳಿ ಬೆಳಕಿನಲ್ಲಿ ಹೇಳುವುದು ಕಷ್ಟ. ಜಾಸ್ತಿ ತೆಗೆದರೆ ಮಾತೋ ಕೈಯೋ ಹೋಗಬಹುದು. ಕಡಿಮೆ ತೆಗೆದರೆ ಗಡ್ಡೆ ಉಳಿಯುತ್ತದೆ. ಇಲ್ಲಿ ಬಳಸುವುದು 5-ಅಮೈನೊಲೆವುಲಿನಿಕ್ ಆಸಿಡ್, ಚಿಕ್ಕದಾಗಿ 5-ಎಎಲ್‌ಎ. ಅರಿವಳಿಕೆಗೆ ಸುಮಾರು ಮೂರು ಗಂಟೆ ಮುಂಚೆ, ಮೈತೂಕದ ಒಂದೊಂದು ಕೆಜಿಗೆ 20 ಮಿಲಿಗ್ರಾಂ ಲೆಕ್ಕದಲ್ಲಿ, ನೀರಿನಲ್ಲಿ ಕರಗಿಸಿ ಕುಡಿಸುತ್ತಾರೆ.

ತಮಾಷೆ ಏನೆಂದರೆ, ಈ ವಸ್ತು ತಾನಾಗಿ ಹೊಳೆಯುವುದೇ ಇಲ್ಲ. ನಮ್ಮ ದೇಹ ಹೀಮ್ (ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಕಬ್ಬಿಣ ಇರುವ ಅಣು) ತಯಾರಿಸಲು ಬಳಸುವ ಕಚ್ಚಾ ಮಾಲು ಇದು. ಗಡ್ಡೆಯ ಕೋಶಗಳು ಇದನ್ನು ಪ್ರೋಟೋಪಾರ್ಫಿರಿನ್ ಅನ್ನುವ ಹಂತದವರೆಗೆ ತರುತ್ತವೆ. ಅದಕ್ಕೆ ಕಬ್ಬಿಣ ಸೇರಿಸಿ ಹೀಮ್ ಮಾಡುವ ಮುಂದಿನ ಕೆಲಸ ಅಲ್ಲಿ ನಿಧಾನ. ಹಾಗಾಗಿ ಪ್ರೋಟೋಪಾರ್ಫಿರಿನ್ ಕೋಶದೊಳಗೆ ಸೇರುತ್ತಾ ಹೋಗುತ್ತದೆ. ಸುಮಾರು 400 ನ್ಯಾನೊಮೀಟರ್ ತರಂಗದ ಉದ್ದ ಇರುವ ನೀಲಿ-ನೇರಳೆ ಬೆಳಕು ಬಿಟ್ಟರೆ 635ರ ಆಸುಪಾಸಿನಲ್ಲಿ ಕೆಂಪಗೆ ಹೊಳೆಯುತ್ತದೆ. ಅಂದರೆ ಬಣ್ಣ ತಯಾರಿಸುವುದು ಗಡ್ಡೆಯೇ. ನನಗೆ ಇದಕ್ಕಿಂತ ಜಾಣ ಕೆಮಿಸ್ಟ್ರಿ ಈ ಕ್ಷೇತ್ರದಲ್ಲಿ ಕಂಡಿಲ್ಲ.

ಜರ್ಮನಿಯ ವಾಲ್ಟರ್ ಸ್ಟುಮ್ಮರ್ ಮತ್ತು ಜೊತೆಗಾರರು ಇದರ ದೊಡ್ಡ ಪ್ರಯೋಗವನ್ನು 2006ರಲ್ಲಿ ಪ್ರಕಟಿಸಿದರು. ಸ್ಕ್ಯಾನಿನಲ್ಲಿ ಕಾಣುವ ಗಡ್ಡೆಯನ್ನು ಪೂರ್ತಿ ತೆಗೆಯಲು ಆದದ್ದು 5-ಎಎಲ್‌ಎ ಕೊಟ್ಟವರಲ್ಲಿ ಶೇ. 65, ಕೊಡದವರಲ್ಲಿ ಶೇ. 36. ಆರು ತಿಂಗಳ ನಂತರವೂ ರೋಗ ಮುಂದುವರಿಯದೆ ಇದ್ದವರು ಶೇ. 41, ಇನ್ನೊಂದು ಗುಂಪಿನಲ್ಲಿ ಶೇ. 21. ಆದರೆ ಒಟ್ಟು ಎಷ್ಟು ಕಾಲ ಬದುಕಿದರು ಅನ್ನುವುದರಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಸುದ್ದಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಈ ಕೊನೆಯ ಮಾತೇ. ಯುರೋಪಿನಲ್ಲಿ 2007ರಲ್ಲಿ, ಅಮೆರಿಕದಲ್ಲಿ 2017ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಅಂದ ಹಾಗೆ, ಇದನ್ನು ಕುಡಿದವರ ಚರ್ಮವೂ ಸ್ವಲ್ಪ ಸಮಯ ಬೆಳಕಿಗೆ ಸೂಕ್ಷ್ಮವಾಗುತ್ತದೆ. ಅದಕ್ಕೇ ಆಪರೇಷನ್ ಆದಮೇಲೂ ಬಿಸಿಲಿನಿಂದ, ಜೋರು ದೀಪಗಳಿಂದ ದೂರ ಇಡುತ್ತಾರೆ.

ದಿನನಿತ್ಯ ಜಾಸ್ತಿ ಬಳಕೆಯಲ್ಲಿರುವುದು ಬೇರೆಯದೇ. ಇಂಡೋಸಯನಿನ್ ಗ್ರೀನ್, ಎಲ್ಲರ ಬಾಯಲ್ಲಿ ಐಸಿಜಿ. ಫೋಟೋ ಫಿಲ್ಮ್ ಮಾಡುತ್ತಿದ್ದ ಕೊಡಾಕ್ ಕಂಪನಿಯ ಲ್ಯಾಬಿನಲ್ಲಿ 1950ರ ದಶಕದಲ್ಲಿ ತಯಾರಾದ ಬಣ್ಣ ಇದು. 1959ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತ್ತು. ಕ್ಯಾನ್ಸರ್ ಯಾವುದು, ಅಲ್ಲದ್ದು ಯಾವುದು ಅಂತ ಇದಕ್ಕೆ ಗೊತ್ತಾಗುವುದಿಲ್ಲ. ರಕ್ತದ ಪ್ರೋಟೀನಿಗೆ ಅಂಟಿಕೊಂಡು ಸುತ್ತುತ್ತದೆ. ಲಿವರ್ ಅದನ್ನು ಬೇಗ ಬೇಗ ಹೀರಿ ಪಿತ್ತದ ಜೊತೆ ಹೊರಹಾಕುತ್ತದೆ. ಸರ್ಜನ್‌ಗಳಿಗೆ ಅಷ್ಟು ಸಾಕು. ಕರುಳು ಕತ್ತರಿಸಿ ಜೋಡಿಸುವಾಗ ಆ ತುದಿಗೆ ರಕ್ತ ಬರುತ್ತಿದೆಯಾ ಅಂತ ನೋಡಬಹುದು. ಪಿತ್ತಕೋಶ ತೆಗೆಯುವಾಗ ಪಿತ್ತನಾಳ ಎಲ್ಲಿದೆ ಅಂತ ನೋಡಿ, ಅದನ್ನು ತಪ್ಪಿ ಕತ್ತರಿಸದಂತೆ ಎಚ್ಚರ ವಹಿಸಬಹುದು. ಇದರ ಪುಡಿಯಲ್ಲಿ ಸ್ವಲ್ಪ ಅಯೋಡೈಡ್ ಇರುತ್ತದೆ. ಅಯೋಡಿನ್ ಅಲರ್ಜಿ ಇದ್ದವರು ಮುಂಚೆಯೇ ಹೇಳಿಬಿಡಬೇಕು.

ಐಸಿಜಿ ಸುಮಾರು 800 ನ್ಯಾನೊಮೀಟರಿನ ಬೆಳಕು ಹೀರಿ 830ರ ಹತ್ತಿರ ಹೊರಬಿಡುತ್ತದೆ. ಅದು ಕಣ್ಣಿಗೆ ಕಾಣದ ಬೆಳಕು, ಕ್ಯಾಮೆರಾ ಬೇಕು. ಹಾಗಿದ್ದರೂ ಅದೇ ಬೆಳಕು ಯಾಕೆ? ಕತ್ತಲಲ್ಲಿ ಟಾರ್ಚ್ ಮೇಲೆ ಅಂಗೈ ಇಟ್ಟು ನೋಡಿ. ಕೆಂಪು ಮಾತ್ರ ದಾಟಿ ಬರುತ್ತದೆ, ನೀಲಿ ಹಸಿರನ್ನೆಲ್ಲ ರಕ್ತ ನುಂಗಿಬಿಡುತ್ತದೆ. ಕೆಂಪಿನಿಂದ ತುಂಬಾ ಆಚೆ ಹೋದರೆ ಮೈಯಲ್ಲಿರುವ ನೀರು ನುಂಗಲು ಶುರು ಮಾಡುತ್ತದೆ. ನಡುವೆ 700ರಿಂದ 900ರವರೆಗೆ ಒಂದು ಕಿಟಕಿ ತೆರೆದಿದೆ. ಅಲ್ಲೂ ಒಂದು ಸೆಂಟಿಮೀಟರ್ ಆಳ ಕಂಡರೆ ದೊಡ್ಡ ಮಾತು. "ದೇಹದೊಳಗಿನ ಕ್ಯಾನ್ಸರನ್ನೆಲ್ಲ ಬೆಳಗಿಸಿ ತೋರಿಸುತ್ತದೆ" ಅಂತ ಯಾರಾದರೂ ಬರೆದಿದ್ದರೆ ನಂಬಬೇಡಿ.

ಇನ್ನು ಗಡ್ಡೆಯನ್ನೇ ಹುಡುಕಿ ಹೋಗುವ ಅಣುಗಳು. ಪಾಫೊಲಸಿಯನಿನ್ ಅನ್ನುವುದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ಲೋ ಅವರ ಕೆಲಸದಿಂದ ಬಂದದ್ದು. ಫೋಲಿಕ್ ಆಸಿಡ್ ಹೋಲುವ ತುಂಡಿಗೆ ಹೊಳೆಯುವ ತುಂಡು ಜೋಡಿಸಿದ್ದಾರೆ. ಅಂಡಾಶಯದ ಕ್ಯಾನ್ಸರ್ ಕೋಶಗಳಲ್ಲಿ ಫೋಲೇಟ್ (ಫೋಲಿಕ್ ಆಸಿಡ್ ಇದರದೇ ಒಂದು ರೂಪ) ಹಿಡಿಯುವ ರಿಸೆಪ್ಟರ್ ಹೆಚ್ಚಾಗಿರುವುದರಿಂದ ಅದು ಹೋಗಿ ಅಲ್ಲಿ ಅಂಟಿಕೊಳ್ಳುತ್ತದೆ. 2021ರಲ್ಲಿ ಅಂಡಾಶಯಕ್ಕೆ, 2022ರಲ್ಲಿ ಶ್ವಾಸಕೋಶಕ್ಕೆ ಎಫ್‌ಡಿಎ ಒಪ್ಪಿತು. ಅಂಡಾಶಯದ ಪ್ರಯೋಗದಲ್ಲಿ ಶೇ. 26.9 ರೋಗಿಗಳಲ್ಲಿ, ಕಣ್ಣಿಗೂ ಕೈಗೂ ಸಿಗದ ಕನಿಷ್ಠ ಒಂದು ಗಂಟನ್ನು ಇದು ತೋರಿಸಿಕೊಟ್ಟಿತು. ಆದರೆ ಕ್ಯಾನ್ಸರ್ ಇಲ್ಲದ ಜಾಗವೂ ಕೆಲವೊಮ್ಮೆ ಹೊಳೆಯುತ್ತದೆ. 2024ರಲ್ಲಿ ಸ್ತನ ಕ್ಯಾನ್ಸರಿಗೆ ಬಂದ ಪೆಗುಲಿಸಿಯನಿನ್ ಇನ್ನೊಂದು ದಾರಿ ಹಿಡಿದಿದೆ. ಗಡ್ಡೆಯ ಎಂಜೈಮುಗಳು ಕತ್ತರಿಸಿದ ಮೇಲಷ್ಟೇ ಅದು ಹೊಳೆಯುತ್ತದೆ. ಗಂಭೀರ ಅಲರ್ಜಿಯ ಎಚ್ಚರಿಕೆಯೂ ಅದರ ಜೊತೆಗೇ ಬರುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರೋಣ. ನಮ್ಮ ಕೆಮಿಸ್ಟ್ರಿ ಮಂದಿಗೆ ಹೊಳಪಿನ ಹುಚ್ಚು ಜಾಸ್ತಿ. ಪೇಪರ್‌ನ ಮೊದಲ ಸಾಲಲ್ಲೇ ಎಷ್ಟು ಹೊಳೆಯುತ್ತದೆ ಅನ್ನುವ ಲೆಕ್ಕ ಇರುತ್ತದೆ. ಆದರೆ ಆ ಲೆಕ್ಕದಲ್ಲಿ ಐಸಿಜಿ ತೀರಾ ಸಾಧಾರಣ ವಿದ್ಯಾರ್ಥಿ! ಅರವತ್ತು ವರ್ಷ ಅದು ಉಳಿದದ್ದು ಹೊಳಪಿನಿಂದ ಅಲ್ಲ. ಬಂದ ಕೆಲಸ ಮುಗಿಸಿ ಮೈಯಿಂದ ಹೊರಟುಹೋಗುತ್ತದೆ, ಅದಕ್ಕೆ.

ಕ್ವಾಂಟಮ್ ಡಾಟ್‌ಗಳನ್ನೇ ನೋಡಿ. 2023ರ ಕೆಮಿಸ್ಟ್ರಿ ನೊಬೆಲ್ ಅದಕ್ಕೇ ಬಂದದ್ದು. ಕೆಲವೇ ನ್ಯಾನೊಮೀಟರ್ ಗಾತ್ರದ ಈ ಕಣಗಳ ಹೊಳಪು ಅದ್ಭುತ. ಆದರೆ ಹೆಸರುವಾಸಿಯಾದ ಎಷ್ಟೋ ಡಾಟ್‌ಗಳಲ್ಲಿ ಕ್ಯಾಡ್ಮಿಯಂ ಇದೆ. ಕಣ ಸುಮಾರು 5.5 ನ್ಯಾನೊಮೀಟರಿಗಿಂತ ದೊಡ್ಡದಾದರೆ ಕಿಡ್ನಿ ಸುಲಭಕ್ಕೆ ಸೋಸುವುದಿಲ್ಲ. ಲಿವರಿನಲ್ಲೋ ಗುಲ್ಮದಲ್ಲೋ ಹೋಗಿ ಕೂರುತ್ತದೆ. ಕ್ಯಾಡ್ಮಿಯಂ ಅಲ್ಲಿ ಕೂತರೆ ಯಾವ ನಿಯಂತ್ರಣ ಸಂಸ್ಥೆ ಸಹಿ ಹಾಕುತ್ತದೆ ಹೇಳಿ.

ಹಾಗಂತ ಹೊಸ ಕೆಮಿಸ್ಟ್ರಿ ಸುಮ್ನೆ ಅಂತ ಅಲ್ಲ. ಸಾಮಾನ್ಯ ಬಣ್ಣದ ಅಣುಗಳು ಒತ್ತೊತ್ತಾಗಿ ಸೇರಿದರೆ ಮಂಕಾಗುತ್ತವೆ. 2001ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಬೆನ್ ಝಾಂಗ್ ಟಾಂಗ್ ಅವರ ತಂಡ ಇದಕ್ಕೆ ಉಲ್ಟಾ ನಡೆಯುವ ಅಣುಗಳನ್ನು ತೋರಿಸಿತು. ಬಿಡಿಯಾಗಿದ್ದಾಗ ಅವುಗಳ ಉಂಗುರಗಳು ತಿರುಗಾಡಿ ಶಕ್ತಿಯನ್ನು ಶಾಖವಾಗಿ ಕಳೆಯುತ್ತವೆ. ಒತ್ತಿ ಸೇರಿದಾಗ ತಿರುಗಲು ಜಾಗ ಇಲ್ಲ, ಶಕ್ತಿ ಬೆಳಕಾಗಿ ಬರುತ್ತದೆ. ಪ್ರಾಣಿಗಳ ಮೇಲಿನ ಫಲಿತಾಂಶಗಳು ಚೆನ್ನಾಗಿವೆ. ಮನುಷ್ಯರ ಆಪರೇಷನ್ನಿಗೆ ಇನ್ನೂ ದೂರ ಇದೆ ಅನ್ನುವುದು ನನ್ನ ಅಂದಾಜು.

1000 ನ್ಯಾನೊಮೀಟರಿನ ಆಚೆಗಿನ ಬೆಳಕಿನ ಬಗ್ಗೆಯೂ ಓದಿರುತ್ತೀರಿ. ಅಲ್ಲಿ ಬೆಳಕು ಕಡಿಮೆ ಚದುರುತ್ತದೆ, ಚಿತ್ರ ಸ್ಪಷ್ಟ ಬರುತ್ತದೆ. 2020ರಲ್ಲಿ ಚೀನಾದ ತಂಡವೊಂದು 23 ಲಿವರ್ ಕ್ಯಾನ್ಸರ್ ರೋಗಿಗಳ ಆಪರೇಷನ್ನಿನಲ್ಲಿ ಇದನ್ನು ಬಳಸಿ ವರದಿ ಮಾಡಿತು. ಅಷ್ಟಕ್ಕೂ ಅವರು ಕೊಟ್ಟ ಬಣ್ಣ ಯಾವುದು? ಅದೇ ಹಳೇ ಐಸಿಜಿ! ಅದರ ಹೊಳಪಿನ ಬಾಲ ಅಲ್ಲಿಯವರೆಗೂ ಚಾಚಿಕೊಂಡಿದೆ. ಹೊಸದಾಗಿ ಬೇಕಾದದ್ದು ಕ್ಯಾಮೆರಾ ಮಾತ್ರ.

ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ಓದುವಾಗ ಎಷ್ಟು ಹೊಳೆಯುತ್ತದೆ ಅನ್ನುವುದನ್ನು ಪಕ್ಕಕ್ಕಿಡಿ. ಕಿಡ್ನಿಯಿಂದ ಹೋಗುತ್ತದಾ, ಲಿವರಿನಿಂದಾ, ಎಷ್ಟು ಹೊತ್ತಿನಲ್ಲಿ ಅಂತ ಹುಡುಕಿ. ಆಮೇಲೆ ಇಲಿಯ ಮೇಲಾ ಮನುಷ್ಯರ ಮೇಲಾ ಅಂತ ನೋಡಿ. ಇಲಿಯ ಇಡೀ ಮೈ ಒಂದೆರಡು ಸೆಂಟಿಮೀಟರ್ ದಪ್ಪ, ಅಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಥೈರಾಯ್ಡ್ ಹಿಂದೆ ಪ್ಯಾರಾಥೈರಾಯ್ಡ್ ಅನ್ನುವ ಸಣ್ಣ ಗ್ರಂಥಿಗಳಿವೆ. ಥೈರಾಯ್ಡ್ ಆಪರೇಷನ್ನಿನಲ್ಲಿ ಅವುಗಳಿಗೆ ಪೆಟ್ಟಾದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಅವನ್ನು ಗುರುತಿಸುವುದು ಅನುಭವಿಗಳಿಗೂ ಕಷ್ಟ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಕಂಡುಕೊಂಡದ್ದು ಏನೆಂದರೆ, 785 ನ್ಯಾನೊಮೀಟರಿನ ಬೆಳಕು ಬಿಟ್ಟರೆ ಈ ಗ್ರಂಥಿಗಳು ತಾವಾಗಿಯೇ, ಅಕ್ಕಪಕ್ಕದ್ದಕ್ಕಿಂತ ಜೋರಾಗಿ ಹೊಳೆಯುತ್ತವೆ. ಇದನ್ನು ಆಧರಿಸಿದ ಎರಡು ಉಪಕರಣಗಳಿಗೆ 2018ರಲ್ಲಿ ಎಫ್‌ಡಿಎ ದಾರಿ ಬಿಟ್ಟಿತು. ಇಂಜೆಕ್ಷನ್ ಇಲ್ಲ, ಅಲರ್ಜಿ ಇಲ್ಲ, ಹೊರಹಾಕುವ ತಲೆನೋವೂ ಇಲ್ಲ. ನಮ್ಮಂಥ ಬಣ್ಣ ತಯಾರಿಸುವವರಿಗೆ ಮಾತ್ರ ಅಲ್ಲಿ ಕೆಲಸ ಇಲ್ಲ.